ಸುಳ್ಳಿಗಿಂತ ಹಳೆಯದೇ ಜಾಸ್ತಿ

ಮಳೆಗಾಲದಲ್ಲಿ ಮಂಗಳೂರು, ಉಡುಪಿಯ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ರಾತ್ರಿಯಾದರೆ ಎರಡೇ ಸುದ್ದಿ: ನಾಳೆ ಶಾಲೆಗೆ ರಜೆ, ಶಿರಾಡಿ ಘಾಟಿ ರಸ್ತೆ ಬಂದ್. ಇವುಗಳಲ್ಲಿ ಪೂರ್ತಿ ಕಟ್ಟುಕತೆ ಕಡಿಮೆ. ಹಿಂದೊಮ್ಮೆ ನಿಜವಾಗಿ ಹೊರಟಿದ್ದ ಆದೇಶವೋ, ಬೇರೆಲ್ಲೋ ಕುಸಿದ ಗುಡ್ಡವೋ ಇವತ್ತಿನ ವೇಷ ಹಾಕಿಕೊಂಡು ಬರುತ್ತದೆ. ಆದ್ದರಿಂದ ‘ನಿಜವಾ?’ ಎನ್ನುವ ಮೊದಲು ‘ಯಾವತ್ತಿನದು, ಎಲ್ಲಿಯದು?’ ಎಂದು ಕೇಳಬೇಕು.

ರಜೆ ಆದೇಶದಲ್ಲಿ ದಿನಾಂಕಕ್ಕೂ ವಾರಕ್ಕೂ ತಾಳೆ ನೋಡಿ. 2024ರ ಜುಲೈ 15 ಸೋಮವಾರ. 2025ರಲ್ಲಿ ಅದೇ ದಿನಾಂಕ ಮಂಗಳವಾರ. ಇಸವಿ ತಿದ್ದಿದವರು ವಾರ ತಿದ್ದಲು ಮರೆಯುವುದುಂಟು. ಚಿತ್ರ ಹಿಗ್ಗಿಸಿದರೆ ತಿದ್ದಿದ ಅಂಕಿಯ ದಪ್ಪ ಪಕ್ಕದ ಅಕ್ಷರಗಳಿಗೆ ಹೊಂದದಿರುವುದು ಎಷ್ಟೋ ಸಲ ಕಾಣುತ್ತದೆ. ಯಾವ ತಾಲೂಕು, ಯಾವ ತರಗತಿವರೆಗೆ ಎಂಬುದನ್ನೂ ಓದಿ. ಪಿಯುಸಿವರೆಗಿನ ರಜೆ ಕೈಯಿಂದ ಕೈಗೆ ದಾಟುತ್ತ ಎಲ್ಲ ಕಾಲೇಜುಗಳ ರಜೆಯಾಗಿಬಿಡುತ್ತದೆ. ರೆಡ್ ಅಲರ್ಟ್ ಎಂದರೆ ರಜೆ ಎಂಬ ಲೆಕ್ಕವೂ ತಪ್ಪು. ಅಲರ್ಟ್ ಕೊಡುವುದು ಹವಾಮಾನ ಇಲಾಖೆ, ರಜೆ ಕೊಡುವುದು ಜಿಲ್ಲಾಡಳಿತ.

ಘಾಟಿಯ ವೀಡಿಯೊ ಸ್ವಲ್ಪ ಹೆಚ್ಚು ಕೆಲಸ ಬೇಡುತ್ತದೆ. ಬೋರ್ಡು, ಗಾಡಿ, ತಿರುವು ಸ್ಪಷ್ಟವಿರುವಲ್ಲಿ ನಿಲ್ಲಿಸಿ ಮೂರ್ನಾಲ್ಕು ಸ್ಕ್ರೀನ್‌ಶಾಟ್ ತೆಗೆಯಿರಿ. ಮೇಲೆ ಅಂಟಿಸಿದ ಬರಹ ಕತ್ತರಿಸಿ ಹಾಕಿ, ಒಂದೊಂದನ್ನೇ, ಅಂಥದೇ ಚಿತ್ರ ಅಂತರ್ಜಾಲದಲ್ಲಿ ಎಲ್ಲಿದೆಯೆಂದು ಹುಡುಕುವ ಗೂಗಲ್ ಲೆನ್ಸ್‌ಗೆ ಕೊಡಿ. ಬರಹ ಉಳಿದರೆ ಲೆನ್ಸ್ ದೃಶ್ಯ ಬಿಟ್ಟು ಅಕ್ಷರದ ಹಿಂದೆ ಹೋಗುವ ಸಂಭವವಿದೆ. ಏನೂ ಸಿಗಲಿಲ್ಲವೆಂದ ಮಾತ್ರಕ್ಕೆ ವೀಡಿಯೊ ಹೊಸದೆಂದಲ್ಲ. ನಂಬರ್ ಪ್ಲೇಟ್ ನೋಡಿ: ಕೆಎ 19 ಮಂಗಳೂರು, 20 ಉಡುಪಿ, 21 ಪುತ್ತೂರು. ಕೇರಳದ ಒಂದು ಕೆಎಲ್ ಗಾಡಿ ಕಂಡರೆ ಏನೂ ತೀರ್ಮಾನವಾಗದು, ಕಾಸರಗೋಡಿನ ಗಾಡಿಗಳು ನಮ್ಮಲ್ಲಿ ದಿನಾ ಓಡುತ್ತವೆ. ಸಾಲುಗಟ್ಟಿ ನಿಂತದ್ದೆಲ್ಲ ಕೆಎಲ್, ಅಂಗಡಿ ಬೋರ್ಡೂ ಮಲಯಾಳವಾದರೆ ಮಾತ್ರ ಅದು ಶಿರಾಡಿಯಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಾಗಿ ಬಂದ ಫೋಟೊದೊಳಗೆ ತೆಗೆದ ದಿನ, ಜಾಗದ ಮಾಹಿತಿ ಹುಡುಕಿ ಪ್ರಯೋಜನವಿಲ್ಲ. ಕಳುಹಿಸುವಾಗಲೇ ಅದು ಅಳಿಸಿಹೋಗಿರುತ್ತದೆ.

‘ಐದು ವೆಬ್‌ಸೈಟಿನಲ್ಲಿ ಬಂದಿದೆ’ ಎಂಬ ವಾದಕ್ಕೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಸುದ್ದಿಯ ಒಂದು ವಾಕ್ಯವನ್ನು ಉದ್ಧರಣ ಚಿಹ್ನೆಯೊಳಗಿಟ್ಟು ಹುಡುಕಿ. ಐದರಲ್ಲೂ ಅದೇ ವಾಕ್ಯವಿದ್ದರೆ ಮೂಲ ಒಂದೇ. ಚಾನೆಲ್ ಲೋಗೊ ಇರುವ ಕಾರ್ಡ್ ಬಂದರೆ ಆ ಚಾನೆಲ್‌ನ ಸ್ವಂತ ಪುಟದಲ್ಲೇ ನೋಡಿ. ಲೋಗೊ ಅಂಟಿಸಲು ಎರಡು ನಿಮಿಷ ಸಾಕು.

ಈಗಾಗಲೇ ಕಳುಹಿಸಿಬಿಟ್ಟಿದ್ದರೆ, ಎಲ್ಲರಿಗೂ ಅಳಿಸುವ ಅವಕಾಶ ವಾಟ್ಸ್‌ಆ್ಯಪ್‌ನಲ್ಲಿ ಎರಡು ದಿನಕ್ಕಿಂತ ತುಸು ಹೆಚ್ಚು ಕಾಲ ಇರುತ್ತದೆ. ಆದರೆ ಬೇರೆಯವರು ಮುಂದೆ ದಾಟಿಸಿದ ಪ್ರತಿ ಅಳಿಯುವುದಿಲ್ಲ. ಹಾಗಾಗಿ ಅಳಿಸಿ ಸುಮ್ಮನಾಗದೆ, ಅದೇ ಗ್ರೂಪಿನಲ್ಲಿ ‘ಅದು ಹಳೆಯದು’ ಎಂದು ಒಂದು ಸಾಲು ಹಾಕಿ.