ಎಲ್ಲಾ ನಿಧಾನವೂ ಬಾಟಲ್‌ನೆಕ್ ಅಲ್ಲ

"ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿದೆ, ಕಂಪ್ಯೂಟರ್ ಮೊದಲಿಗಿಂತ ನಿಧಾನವಾಗಿದೆ." ಹೀಗೆ ಯಾರಾದರೂ ಅಂದಿದ್ದೇ ತಡ, "ಬಾಟಲ್‌ನೆಕ್ ಆಗಿದೆ, ಪ್ರೊಸೆಸರ್ ಬದಲಿಸಿ" ಅನ್ನುವ ಉತ್ತರ ರೆಡಿ ಇರುತ್ತದೆ. ಅಂದರೆ ಹಳೇ ಪ್ರೊಸೆಸರ್ ಹೊಸ ಕಾರ್ಡಿನ ವೇಗಕ್ಕೆ ಸಾಲುತ್ತಿಲ್ಲ ಅಂತ. ಕಳೆದ ವಾರ ಮೂರನೇ ಸಲ ಇದನ್ನು ಓದಿದೆ. ಕೇಳಿದವರು "ಮೊದಲಿಗಿಂತ" ಅಂದಿದ್ದನ್ನು ಉತ್ತರ ಕೊಟ್ಟವರು ಕಿವಿಗೇ ಹಾಕಿಕೊಂಡಿರಲಿಲ್ಲ.

ಪದವನ್ನೇ ಸ್ವಲ್ಪ ನೋಡಿ. ಬಾಟಲಿಯ ಕತ್ತು, ಅಷ್ಟೇ. ನೀರು ತುಂಬಿದ ಬಾಟಲಿಯನ್ನು ಬಗ್ಗಿಸಿದಾಗ ಧಾರೆ ಎಷ್ಟು ದಪ್ಪ ಬರುತ್ತದೆ ಅನ್ನುವುದನ್ನು ಕತ್ತು ತೀರ್ಮಾನಿಸುತ್ತದೆ, ಹೊಟ್ಟೆಯಲ್ಲ. ಹೊಟ್ಟೆಯನ್ನು ಎರಡರಷ್ಟು ಅಗಲ ಮಾಡಿದರೂ ಧಾರೆ ಅಷ್ಟೇ ಇರುತ್ತದೆ. ಜಾಸ್ತಿ ಆಗುವುದಿಲ್ಲ. ಕಡಿಮೆಯೂ ಆಗುವುದಿಲ್ಲ. ಈ ಎರಡನೆಯದನ್ನೇ ಜನ ಮರೆಯುವುದು.

ಇಂಗ್ಲಿಷಿನಲ್ಲಿ ಇಕ್ಕಟ್ಟಾದ ರಸ್ತೆಗೂ ಈ ಮಾತು ಸಲ್ಲುತ್ತದೆ. ನಾಲ್ಕು ಸಾಲಿನ ರಸ್ತೆ ಒಂದು ಸೇತುವೆಯ ಹತ್ತಿರ ಎರಡು ಸಾಲಾದರೆ ಅದು ಬಾಟಲ್‌ನೆಕ್. ಕಂಪ್ಯೂಟರ್ ಲೋಕದಲ್ಲಿ ಇದಕ್ಕೆ ದೊಡ್ಡ ಹೆಸರು ತಂದುಕೊಟ್ಟವರು ಫೋರ್‌ಟ್ರಾನ್ ಭಾಷೆಯನ್ನು ರೂಪಿಸಿದ ತಂಡದ ಮುಖ್ಯಸ್ಥ ಜಾನ್ ಬ್ಯಾಕಸ್. ಕಂಪ್ಯೂಟರ್ ವಿಜ್ಞಾನದ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿಯ 1977ರ ಉಪನ್ಯಾಸದಲ್ಲಿ ಅವರು ಪ್ರೊಸೆಸರ್ ಮತ್ತು ಮೆಮೊರಿ ನಡುವಿನ ದಾರಿಯನ್ನು "ವಾನ್ ನಾಯ್ಮನ್ ಬಾಟಲ್‌ನೆಕ್" ಅಂತ ಕರೆದರು. ವಾನ್ ನಾಯ್ಮನ್ ಅಂದರೆ ಈ ಬಗೆಯ ಯಂತ್ರದ ವಿನ್ಯಾಸಕ್ಕೆ ತನ್ನ ಹೆಸರು ಅಂಟಿಸಿಕೊಂಡ ಗಣಿತಜ್ಞ. ಆಚೆ ಬೇಕಾದಷ್ಟು ಡೇಟಾ ಇದೆ, ಈಚೆ ಲೆಕ್ಕ ಮಾಡುವ ಶಕ್ತಿ ಇದೆ, ನಡುವಿನ ಕೊಳವೆ ಮಾತ್ರ ಸಣ್ಣದು. ಗಮನಿಸಿ, ಅಲ್ಲಿ ಏನೂ ಕೆಟ್ಟಿಲ್ಲ. ಯಂತ್ರವನ್ನು ಕಟ್ಟಿದ ರೀತಿಯೇ ಹಾಗೆ.

ಅದಕ್ಕೇ ಬಾಟಲ್‌ನೆಕ್‌ಗೆ ಕನ್ನಡದಲ್ಲಿ "ಅಡಚಣೆ" ಅಂತ ಬರೆದರೆ ನನಗೆ ಸರಿಕಾಣುವುದಿಲ್ಲ. ಅಡಚಣೆ ಅಂದರೆ ದಾರಿಯಲ್ಲಿ ಬಿದ್ದ ಕಲ್ಲು, ಎತ್ತಿ ಬಿಸಾಡಬಹುದು. ಕತ್ತು ಬಾಟಲಿಯದೇ ಭಾಗ. "ಇಕ್ಕಟ್ಟು" ಅನ್ನಿ, ಹತ್ತಿರ ಬರುತ್ತದೆ. ಇಲ್ಲದಿದ್ದರೆ ಬಾಟಲ್‌ನೆಕ್ ಅಂತಲೇ ಇರಲಿ, ಸುಮ್ನೆ ಯಾಕೆ ತೊಂದರೆ.

ಈಗ ಅಪ್‌ಗ್ರೇಡ್ ವಿಷಯ. ಹಳೇ ಹಾರ್ಡ್ ಡಿಸ್ಕ್ ಇಟ್ಟುಕೊಂಡು ಪ್ರೊಸೆಸರ್ ಮಾತ್ರ ಹೊಸದು ಹಾಕಿದಿರಿ, ವಿಂಡೋಸ್ ಏಳುವುದು ಮೊದಲಿನಷ್ಟೇ ನಿಧಾನ. ಇದು ಬಾಟಲ್‌ನೆಕ್. ಸೆಕೆಂಡಿಗೆ 3,500 ಎಂಬಿ ಓದಬಲ್ಲ ಎಸ್‌ಎಸ್‌ಡಿ ತಂದು, ಫೈಲನ್ನು ಸೆಕೆಂಡಿಗೆ 550 ಎಂಬಿ ಮುಟ್ಟುವ ಸಾಟಾ ಡ್ರೈವಿನಿಂದ (ಹಳೇ ಬಗೆಯ ಕನೆಕ್ಷನ್ನಿನದು) ಅದಕ್ಕೆ ಕಾಪಿ ಮಾಡಿದರೆ 550ರ ಮೇಲೆ ಹೋಗುವುದಿಲ್ಲ. ಇದೂ ಬಾಟಲ್‌ನೆಕ್. ಎರಡರಲ್ಲೂ ಗುರುತು ಒಂದೇ: ಯಾವುದೋ ಒಂದು ಭಾಗ ಉಸಿರು ಬಿಡದೆ ದುಡಿಯುತ್ತಿರುತ್ತದೆ, ಉಳಿದವು ಕೈಕಟ್ಟಿ ಕಾಯುತ್ತಿರುತ್ತವೆ. ಎಲ್ಲಾ ಕಂಪ್ಯೂಟರಿನಲ್ಲೂ ಇಂಥದ್ದೊಂದು ಇದ್ದೇ ಇರುತ್ತದೆ, ಕೆಲಸ ಬದಲಾದರೆ ಅದೂ ಜಾಗ ಬದಲಿಸುತ್ತದೆ. ಅದೇ ಗೇಮು, ಅದೇ ಯಂತ್ರ: ಚಿತ್ರ 1080ಪಿಯಲ್ಲಿದ್ದರೆ ಪ್ರೊಸೆಸರ್ ಸುಸ್ತು, ಇನ್ನೂ ಹೆಚ್ಚು ಚುಕ್ಕಿಗಳ 4ಕೆಗೆ ಹೋದರೆ ಗ್ರಾಫಿಕ್ಸ್ ಕಾರ್ಡ್ ಸುಸ್ತು. ಹೀಗಿರುವಾಗ ಎರಡು ಭಾಗಗಳ ಹೆಸರು ಕೊಟ್ಟರೆ "18% ಬಾಟಲ್‌ನೆಕ್" ಅಂತ ಉಗುಳುವ ಕ್ಯಾಲ್ಕುಲೇಟರುಗಳಿವೆಯಲ್ಲ, ಅವು ಏನನ್ನು ಅಳೆಯುತ್ತಿವೆಯೋ ದೇವರಿಗೇ ಗೊತ್ತು.

ಆದರೆ ಮೊದಲಿಗಿಂತ ನಿಧಾನವಾದರೆ? ಕತ್ತು ಮೊದಲೂ ಅಷ್ಟೇ ಅಗಲ ಇತ್ತು, ಅಲ್ವಾ? ಬಾಟಲ್‌ನೆಕ್ ಅನ್ನುವುದು "ಯಾಕೆ ವೇಗ ಹೆಚ್ಚಲಿಲ್ಲ" ಅನ್ನುವ ಪ್ರಶ್ನೆಗೆ ಉತ್ತರ. "ಯಾಕೆ ಕಡಿಮೆಯಾಯಿತು" ಅನ್ನುವುದಕ್ಕೆ ಅಲ್ಲ. ಅಲ್ಲಿ ಏನೋ ತಪ್ಪಾಗಿದೆ, ಹುಡುಕಬೇಕು. ಪ್ರೊಸೆಸರನ್ನು ತಣ್ಣಗಿಡುವ ಕೂಲರ್ ಅಡಿಯ ಪ್ಲಾಸ್ಟಿಕ್ ಹಾಳೆ ಕೀಳದೆ ಕೂರಿಸಿರಬಹುದು. ಆಗ ಪ್ರೊಸೆಸರ್ 100 ಡಿಗ್ರಿಯ ಹತ್ತಿರ ಹೋಗಿ ತನ್ನನ್ನು ಉಳಿಸಿಕೊಳ್ಳಲು ವೇಗ ಇಳಿಸುತ್ತದೆ. 3200 ವೇಗದ ರ‍್ಯಾಮ್ ಪಕ್ಕ 2400ರದ್ದು ಚುಚ್ಚಿದ್ದರೆ ಎರಡೂ ನಿಧಾನದ್ದರ ಹೆಜ್ಜೆಗೆ ಇಳಿಯುತ್ತವೆ. ಬಯೋಸ್ (ಮದರ್‌ಬೋರ್ಡಿನ ಒಳಗಿನ ಸೆಟ್ಟಿಂಗ್ ಜಾಗ) ರೀಸೆಟ್ ಆಗಿ, ರ‍್ಯಾಮನ್ನು ಪೂರ್ತಿ ವೇಗಕ್ಕೆ ಓಡಿಸುವ ಸೆಟ್ಟಿಂಗ್ ಆದ ಎಕ್ಸ್‌ಎಂಪಿ ಆಫ್ ಆಗಿದ್ದರೂ ರ‍್ಯಾಮ್ ವೇಗ ಬೀಳುತ್ತದೆ.

ಮೊದಲಲ್ಲಿ ಹೇಳಿದೆನಲ್ಲ, ನಾನು ಓದಿದ ಆ ಮೂರು ದೂರುಗಳಲ್ಲಿ ಒಂದು ನನಗೆ ಗೊತ್ತಿರುವ ಹುಡುಗನದೇ. ಹೋಗಿ ನೋಡಿದೆ. ಗೇಮ್ ಓಡುತ್ತಿರುವಾಗ, ಯಾವ ಭಾಗ ಎಷ್ಟು ದುಡಿಯುತ್ತಿದೆ ಅಂತ ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದರೆ ಪ್ರೊಸೆಸರ್ 40%, ಹೊಸ ಗ್ರಾಫಿಕ್ಸ್ ಕಾರ್ಡ್ 1%. ಪ್ರೊಸೆಸರ್ ಸಾಲದೆ ಕಾರ್ಡ್ ಕಾಯುತ್ತಿದ್ದರೂ 1%ಗೆ ಬೀಳುವುದಿಲ್ಲ, ಅದಕ್ಕೆ ಕೆಲಸವೇ ಬಂದಿಲ್ಲ. ಹಿಂದೆ ಬಗ್ಗಿ ನೋಡಿದೆ. ಮಾನಿಟರ್ ಕೇಬಲ್ ಹೊಸ ಕಾರ್ಡಿಗಲ್ಲ, ಮೇಲಿದ್ದ ಮದರ್‌ಬೋರ್ಡ್ ಪೋರ್ಟಿಗೆ ಚುಚ್ಚಿತ್ತು. ಇಡೀ ಗೇಮನ್ನು ಪ್ರೊಸೆಸರ್ ಒಳಗಿನ ಪುಟ್ಟ ಗ್ರಾಫಿಕ್ಸ್ ಒಂದೇ ಎಳೆಯುತ್ತಿತ್ತು. ಕೇಬಲ್ ಕಿತ್ತು ಒಂದು ಗೇಣು ಕೆಳಗೆ ಚುಚ್ಚಿದೆ, ಸರಿಹೋಯಿತು.

ಹುಡುಗ ಮಾತ್ರ ಪೆಚ್ಚಾಗಿ ನಿಂತಿದ್ದ. ಹೊಸ ಪ್ರೊಸೆಸರ್ ಹಿಂದಿನ ರಾತ್ರಿಯೇ ಆರ್ಡರ್ ಮಾಡಿಯಾಗಿತ್ತು.