ಇಬ್ಬನಿ ಬಿಂದು: ಮೋಡಕ್ಕೂ ಮಂಜಿಗೂ ಒಂದೇ ಲೆಕ್ಕ

ಮೊಬೈಲಿನ ಹವಾಮಾನ ಆ್ಯಪ್ ತೆರೆದರೆ ಉಷ್ಣಾಂಶ, ಮಳೆ, ಗಾಳಿ ಎಲ್ಲ ಮೇಲೇ ಕಾಣುತ್ತವೆ. ಕೆಳಗೆಲ್ಲೋ ಮೂಲೆಯಲ್ಲಿ 'ಡ್ಯೂ ಪಾಯಿಂಟ್ 18°' ಅಂತ ಒಂದು ಸಾಲು ಇರುತ್ತದೆ. ಅದನ್ನು ನೋಡುವವರು ಕಡಿಮೆ. ಆದರೆ ಮೋಡ ಎಷ್ಟು ಎತ್ತರದಲ್ಲಿ ಕಟ್ಟುತ್ತದೆ, ನಾಳೆ ಬೆಳಿಗ್ಗೆ ಮಂಜು ಬೀಳುತ್ತದಾ ಅಂತ ಊಹಿಸಲು ಮೊದಲು ಬೇಕಾಗುವುದು ಇದೇ ಅಂಕಿ. ಕನ್ನಡದಲ್ಲಿ ಇಬ್ಬನಿ ಬಿಂದು.

ಗಾಳಿಯಲ್ಲಿ ನೀರಾವಿ ಯಾವಾಗಲೂ ಇರುತ್ತದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೇ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 30 ಗ್ರಾಂ ನೀರು ಆವಿಯಾಗಿಯೇ ಇರಬಲ್ಲದು. 20 ಡಿಗ್ರಿಯಲ್ಲಿ 17 ಗ್ರಾಂ, 10 ಡಿಗ್ರಿಯಲ್ಲಿ 9 ಗ್ರಾಂ ಚಿಲ್ಲರೆ. ಅಂದರೆ ಗಾಳಿ ತಣ್ಣಗಾಗುತ್ತಾ ಹೋದ ಹಾಗೆ ಈ ಮಿತಿ ಇಳಿಯುತ್ತದೆ. ಯಾವ ಉಷ್ಣಾಂಶಕ್ಕೆ ಬಂದಾಗ ಇರುವ ಆವಿಯೇ ಮಿತಿ ಮುಟ್ಟುತ್ತದೋ ಅದು ಇಬ್ಬನಿ ಬಿಂದು. ಅದಕ್ಕೂ ಕೆಳಗಿಳಿದರೆ ಹೆಚ್ಚಾದ ಆವಿ ನೀರಾಗಲೇಬೇಕು.

ಇದನ್ನು ಮನೆಯಲ್ಲೇ ಅಳೆಯಬಹುದು. ತೆಳು ಸ್ಟೀಲ್ ಲೋಟದಲ್ಲಿ ನೀರು ಹಾಕಿ, ಒಂದು ಥರ್ಮಾಮೀಟರ್ ಇಡಿ. ಜ್ವರ ನೋಡುವುದು ಬೇಡ, ಲ್ಯಾಬಿನದು ಬೇಕು. ಐಸ್ ಚೂರು ಒಂದೊಂದೇ ಹಾಕಿ ಕಲಕುತ್ತಿರಿ. ಲೋಟದ ಹೊರಮೈ ಹೊಳಪು ಕಳೆದುಕೊಂಡು ಮಬ್ಬಾದ ಕ್ಷಣದಲ್ಲಿ ಥರ್ಮಾಮೀಟರ್ ಏನು ತೋರಿಸುತ್ತದೋ, ಹೆಚ್ಚು ಕಡಿಮೆ ಅದೇ ಆ ಹೊತ್ತಿನ ಇಬ್ಬನಿ ಬಿಂದು. ಮೇ ತಿಂಗಳ ಮಂಗಳೂರಲ್ಲಿ ಇದು 25ರ ಆಸುಪಾಸು ಇರುತ್ತದೆ. ಬೆವರು ಆರದೆ ಮೈ ಅಂಟಂಟಾಗುವುದಕ್ಕೆ ಕಾರಣ ಅದೇ.

ಲೋಟದ ಮೇಲಾದರೆ ನೀರು ಕೂರಲು ಜಾಗವಿದೆ. ಬರೀ ಗಾಳಿಯಲ್ಲಿ? ಅಲ್ಲಿ ಧೂಳು, ಹೊಗೆ, ಸಮುದ್ರದಿಂದ ಹಾರಿ ಬಂದ ಉಪ್ಪಿನ ಕಣ ಬೇಕು. ಇಂಥ ಕಣಗಳ ಸುತ್ತಲೇ ಹನಿ ಕಟ್ಟುತ್ತದೆ. ಸ್ಕಾಟ್ಲೆಂಡಿನ ಜಾನ್ ಏಟ್ಕನ್ 1880ರ ಸುಮಾರಿಗೆ ಇದನ್ನು ಪ್ರಯೋಗ ಮಾಡಿ ತೋರಿಸಿದರು: ಸೋಸಿದ ಗಾಳಿಯಲ್ಲಿ ಮಂಜು ಕಟ್ಟಲಿಲ್ಲ, ಧೂಳಿದ್ದ ಗಾಳಿಯಲ್ಲಿ ಕಟ್ಟಿತು. ಈ ಹನಿಗಳು ಸಾಮಾನ್ಯವಾಗಿ ಒಂದು ಮಿಲಿಮೀಟರಿನ ನೂರನೇ ಒಂದು ಭಾಗದಿಂದ ಐವತ್ತನೇ ಒಂದು ಭಾಗದಷ್ಟು ದಪ್ಪ. ಕೆಳಗೆ ಬೀಳುವ ವೇಗ ಸೆಕೆಂಡಿಗೆ ಒಂದು ಸೆಂಟಿಮೀಟರಿನ ಆಸುಪಾಸು. ಸ್ವಲ್ಪ ಗಾಳಿ ಮೇಲಕ್ಕೆ ತಳ್ಳಿದರೂ ಸಾಕು, ತೇಲುತ್ತಾ ಇದ್ದುಬಿಡುತ್ತವೆ.

ಇನ್ನು ಉಳಿದದ್ದು ಗಾಳಿ ತಣ್ಣಗಾಗುವುದು ಹೇಗೆ ಅನ್ನುವುದು. ಒಂದು ದಾರಿ, ಮೇಲೇರುವುದು. ಮೇಲೆ ಒತ್ತಡ ಕಡಿಮೆ, ಗಾಳಿ ಹಿಗ್ಗುತ್ತದೆ, ಹಿಗ್ಗಿದರೆ ತಣ್ಣಗಾಗುತ್ತದೆ. 100 ಮೀಟರ್ ಏರಿದರೆ ಸುಮಾರು 1 ಡಿಗ್ರಿ. ಏರಿದಂತೆ ಇಬ್ಬನಿ ಬಿಂದುವೂ 0.2 ಡಿಗ್ರಿಯಷ್ಟು ಇಳಿಯುವುದರಿಂದ ಎರಡರ ಅಂತರ 125 ಮೀಟರಿಗೆ 1 ಡಿಗ್ರಿಯಂತೆ ಕರಗುತ್ತದೆ. ಚಿಕ್ಕಬಳ್ಳಾಪುರದಲ್ಲಿ ಉಷ್ಣಾಂಶ 24, ಇಬ್ಬನಿ ಬಿಂದು 20 ಅಂತಿಟ್ಟುಕೊಳ್ಳಿ. ಅಂತರ 4. ನಾಲ್ಕು ನೂರಿಪ್ಪತ್ತೈದಲೆ 500 ಮೀಟರ್. ಅಲ್ಲಿ ಮೋಡದ ತಳ. ಬಯಲು 900 ಮೀಟರ್ ಚಿಲ್ಲರೆ ಎತ್ತರದಲ್ಲಿದೆ, ನಂದಿ ಬೆಟ್ಟದ ತುದಿ 1,478 ಮೀಟರ್. ಹಾಗಾದರೆ ತುದಿ ಮೋಡದೊಳಗೆ ಹೋಗಿಬಿಟ್ಟಿತು, ಅಲ್ವಾ? ಕೆಳಗೆ ನಿಂತವರು ಬೆಟ್ಟಕ್ಕೆ ಮೋಡ ಮುಸುಕಿದೆ ಅನ್ನುತ್ತಾರೆ, ಮೇಲೆ ನಿಂತವರು ಮಂಜು ಅನ್ನುತ್ತಾರೆ. ಇಬ್ಬರೂ ಸರಿ. ಮಳೆಗಾಲದಲ್ಲಿ ಆಗುಂಬೆ, ಚಾರ್ಮಾಡಿ ಘಾಟಿಯಲ್ಲಿ ಲೈಟ್ ಹಾಕಿಕೊಂಡು ದಾಟುವುದೂ ಹೀಗೇ ಗುಡ್ಡ ಹತ್ತಿ ಬಂದ ಮೋಡವನ್ನೇ. ಮಧ್ಯಾಹ್ನದ ಹತ್ತಿಯಂಥ ಮೋಡಗಳ ತಳ ಸಪಾಟಾಗಿರುವುದಕ್ಕೂ ಇದೇ ಕಾರಣ. ಅಕ್ಕಪಕ್ಕದ ಗಾಳಿಯೆಲ್ಲ ಒಂದೇ ಎತ್ತರದಲ್ಲಿ ಇಬ್ಬನಿ ಬಿಂದು ಮುಟ್ಟುತ್ತದೆ.

ಎರಡನೇ ದಾರಿಯಲ್ಲಿ ಗಾಳಿ ಎಲ್ಲೂ ಏರುವುದಿಲ್ಲ. ಚಳಿಗಾಲದ ಉದ್ದ ರಾತ್ರಿಯಲ್ಲಿ ಆಕಾಶ ಶುಭ್ರವಾಗಿದ್ದರೆ ನೆಲ ತನ್ನ ಬಿಸಿಯನ್ನೆಲ್ಲ ಮೇಲಕ್ಕೆ ಬಿಟ್ಟು ತಣ್ಣಗಾಗುತ್ತದೆ, ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗುತ್ತದೆ. ಗಾಳಿ ಪೂರ್ತಿ ನಿಂತಿದ್ದರೆ ಹುಲ್ಲಿನ ಮೇಲೆ ಇಬ್ಬನಿ ಕೂತು ಮುಗಿಯಿತು. ಜೋರಾಗಿ ಬೀಸಿದರೆ ಮೇಲಿನ ಬೆಚ್ಚಗಿನ ಗಾಳಿ ಬೆರೆತು ಎಲ್ಲ ಕೆಡುತ್ತದೆ. ಸುಮ್ನೆ ಅಲುಗಾಡುವಷ್ಟು ಗಾಳಿ ಇದ್ದರೆ ಮಂಜು ದಪ್ಪಗೆ ಕಟ್ಟುತ್ತದೆ. 1 ಕಿಲೋಮೀಟರಿಗಿಂತ ಹತ್ತಿರದ್ದೂ ಕಾಣದಿದ್ದರೆ ಮಾತ್ರ ಹವಾಮಾನದವರು ಅದನ್ನು ಮಂಜಿನ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ; ಅದಕ್ಕಿಂತ ದೂರ ಕಂಡರೆ ತೆಳು ಮಂಜು. ಶನಿವಾರ ರಾತ್ರಿ ನಿದ್ದೆಗೆಟ್ಟು ನಂದಿಗೆ ಬೈಕ್ ಓಡಿಸುವವರಿಗೆ ಬೆಳಿಗ್ಗೆ ಕಾಲಡಿ ಮೋಡ ಕಾಣುವುದು ಹಲವು ಸಲ ಇಂಥ ದಿನಗಳಲ್ಲೇ. ಬಯಲಿನ ಮಂಜಿನ ಮೇಲ್ಮೈ ಅದು. ಅದೇ ಹೊತ್ತಿಗೆ ಅದರ ಅಡಿಯಲ್ಲಿ, ದೇವನಹಳ್ಳಿಯಲ್ಲಿ, ವಿಮಾನಗಳು ಕಾಯುತ್ತಿರಬಹುದು.

ಬಿಸಿಲು ಬಂದ ಮೇಲೆ ಮಂಜು ಮೇಲೆದ್ದು ಹೋಯಿತು ಅನ್ನುತ್ತೇವೆ. ನಿಜವಾಗಿ ಆಗುವುದು ಬೇರೆ. ಮಂಜಿನೊಳಗೆ ನುಸುಳಿದ ಬಿಸಿಲಿಗೆ ನೆಲ ಕಾಯುತ್ತದೆ, ನೆಲದ ಹತ್ತಿರದ ಹನಿಗಳು ಮೊದಲು ಆರುತ್ತವೆ. ಮೇಲೆ ಉಳಿದ ಪದರ ಸ್ವಲ್ಪ ಹೊತ್ತು ತಗ್ಗಿನ ಮೋಡವಾಗಿ ಇರುತ್ತದೆ. ವಿಮಾನ ಹಿಡಿಯುವುದಿದ್ದರೆ ಹಿಂದಿನ ರಾತ್ರಿ ಎರಡು ಅಂಕಿ ನೋಡಿ: ಬೆಳಗಿನ ಕನಿಷ್ಠ ಉಷ್ಣಾಂಶ ಮತ್ತು ಇಬ್ಬನಿ ಬಿಂದು. ಎರಡೂ ಹತ್ತಿರ ಹತ್ತಿರ ಇದ್ದು, ಮೋಡವಿಲ್ಲ, ಗಾಳಿಯೂ ಜೋರಿಲ್ಲ ಅಂದರೆ ವಿಮಾನ ತಡವಾಗುವ ಸಾಧ್ಯತೆ ಜಾಸ್ತಿ. ರಸ್ತೆಯಲ್ಲೂ ನಿಧಾನವಾಗುತ್ತದೆ, ಮನೆ ಬೇಗ ಬಿಡಿ.