ಹೆಪ್ಪು ಶ್ವಾಸಕೋಶದಲ್ಲಿ, ಹುಡುಕಾಟ ಕಾಲಿನಲ್ಲಿ

ಶ್ವಾಸಕೋಶದಲ್ಲಿ ಸಿಕ್ಕಿಕೊಳ್ಳುವ ರಕ್ತದ ಹೆಪ್ಪು ಸಾಮಾನ್ಯವಾಗಿ ಅಲ್ಲಿ ಹುಟ್ಟಿದ್ದಲ್ಲ. ಕಾಲಿನ ಆಳದ ಸಿರೆಯಲ್ಲಿ ಹುಟ್ಟಿ, ಕಿತ್ತುಕೊಂಡು, ಹೃದಯದ ಬಲಭಾಗ ದಾಟಿ ಅಲ್ಲಿಗೆ ಬಂದಿರುತ್ತದೆ. ಸೊಂಟದ ಆಪರೇಷನ್ ಆಗಿ ಮಲಗಿದವರು, ಬಾಣಂತಿಯರು, ಕ್ಯಾನ್ಸರ್ ಇರುವವರು, ಇವರಿಗೆಲ್ಲ ಅಪಾಯ ಜಾಸ್ತಿ.

ಇದನ್ನು ಖಚಿತಪಡಿಸಲು ರಕ್ತನಾಳಗಳು ಎದ್ದು ಕಾಣುವಂತೆ ಮಾಡುವ ಕಾಂಟ್ರಾಸ್ಟ್ ಎಂಬ ದ್ರವ ಕೊಟ್ಟು ಸಿಟಿ ಸ್ಕ್ಯಾನ್ ಮಾಡುತ್ತಾರೆ. ಆದರೆ ಬಿಪಿ ಬಿದ್ದು ಏದುಸಿರು ಬಿಡುತ್ತಿರುವವರನ್ನು ಸ್ಕ್ಯಾನ್ ಕೋಣೆಗೆ ಒಯ್ಯುವುದೇ ಅಪಾಯ. ಆಗ ಹಾಸಿಗೆಯ ಪಕ್ಕಕ್ಕೇ ತರಬಹುದಾದ ಅಲ್ಟ್ರಾಸೌಂಡ್ ಕೆಲಸಕ್ಕೆ ಬರುತ್ತದೆ.

ಶ್ವಾಸಕೋಶದೊಳಗಿನ ಹೆಪ್ಪು ಇದರಲ್ಲಿ ನೇರವಾಗಿ ಕಾಣುವುದು ಅಪರೂಪ. ಗಾಳಿ ತುಂಬಿದ ಜಾಗವನ್ನು ಶಬ್ದದ ಅಲೆಗಳು ದಾಟಲಾರವು. ಹಾಗಾಗಿ ವೈದ್ಯರು ಅದು ಎಲ್ಲಿಂದ ಬಂತು, ಏನು ಹಾನಿ ಮಾಡಿದೆ ಎಂದು ಹುಡುಕುತ್ತಾರೆ.

ಕಾಲಿನ ಪರೀಕ್ಷೆ ಎಷ್ಟು ಸರಳ ನೋಡಿ. ತೊಡೆಸಂದಿಗೆ ಜೆಲ್ ಹಚ್ಚಿ ಅಲ್ಟ್ರಾಸೌಂಡಿನ ಪ್ರೋಬ್ (ಕೈಯಲ್ಲಿ ಹಿಡಿಯುವ ಸಾಧನ) ಇಡುತ್ತಾರೆ. ಪರದೆಯಲ್ಲಿ ಪಕ್ಕಪಕ್ಕದಲ್ಲೇ ದುಂಡಗೆ ಕಪ್ಪಾಗಿ ಅಪಧಮನಿ ಮತ್ತು ಸಿರೆ ಕಾಣುತ್ತವೆ. ಪ್ರೋಬನ್ನು ಒತ್ತಿದರೆ ಸಿರೆ ಚಪ್ಪಟೆಯಾಗಿ ಮಾಯವಾಗಬೇಕು. ಅಪಧಮನಿ ಮಾತ್ರ ಮಿಡಿಯುತ್ತಲೇ ಇರುತ್ತದೆ. ಚೆನ್ನಾಗಿ ಒತ್ತಿದರೂ ಸಿರೆ ಮುಚ್ಚಲಿಲ್ಲವೆಂದರೆ ಒಳಗೆ ಹೆಪ್ಪು ಕೂತಿದೆ. ಮೊಣಕಾಲಿನ ಹಿಂದೆಯೂ ಹೀಗೇ ಒತ್ತಿ ನೋಡುತ್ತಾರೆ. ಶ್ವಾಸಕೋಶದ ಹೆಪ್ಪಿನ ಅನುಮಾನ ಇರುವವರಲ್ಲಿ ಇಷ್ಟು ಸಿಕ್ಕರೆ ಚಿಕಿತ್ಸೆ ಶುರು ಮಾಡಲು ಸಾಕು ಎನ್ನುತ್ತದೆ ಯುರೋಪಿನ ಹೃದ್ರೋಗ ತಜ್ಞರ 2019ರ ಮಾರ್ಗಸೂಚಿ.

ಆಮೇಲೆ ಹೃದಯ. ಅದರ ಬಲ ಕೆಳಕೋಣೆ ಎಡದ್ದಕ್ಕಿಂತ ಚಿಕ್ಕದಾಗಿರಬೇಕು. ಮುಂದಿನ ದಾರಿ ಕಟ್ಟಿಕೊಂಡಾಗ ಅದು ಎಡಕೋಣೆಯಷ್ಟೇ ದೊಡ್ಡದಾಗಿ ಊದುತ್ತದೆ. ನಡುವಿನ ಗೋಡೆ ಚಪ್ಪಟೆಯಾಗಿ, ದುಂಡಗಿನ ಎಡಕೋಣೆ ಇಂಗ್ಲಿಷಿನ ಡಿ ಅಕ್ಷರದ ಹಾಗೆ ಕಾಣುತ್ತದೆ. ಹಳೆಯ ಶ್ವಾಸಕೋಶದ ಕಾಯಿಲೆಯಲ್ಲೂ ಹೀಗಾಗಬಹುದು, ಅದನ್ನು ಮರೆಯುವಂತಿಲ್ಲ.

ಫ್ರಾನ್ಸಿನ ವೈದ್ಯ ಡೇನಿಯಲ್ ಲಿಕ್ಟೆನ್‌ಸ್ಟೈನ್ 2008ರಲ್ಲಿ ಒಂದು ವಿಧಾನ ಪ್ರಕಟಿಸಿದರು. ಉಸಿರು ಕಟ್ಟುತ್ತಿದೆ, ಆದರೂ ಶ್ವಾಸಕೋಶ ಅಲ್ಟ್ರಾಸೌಂಡಿನಲ್ಲಿ ಚೆನ್ನಾಗಿಯೇ ಕಾಣುತ್ತಿದೆ, ಕಾಲಿನಲ್ಲಿ ಹೆಪ್ಪಿದೆ. ಈ ಮೂರೂ ಕೂಡಿದರೆ ರೋಗ ಇದೇ ಎನ್ನಬಹುದು. ಅವರ ಅಧ್ಯಯನದಲ್ಲಿ ಈ ಕಾಯಿಲೆ ಇಲ್ಲದವರ ಪೈಕಿ 99 ಪ್ರತಿಶತ ಮಂದಿಯನ್ನು ಇದು ಸರಿಯಾಗಿ ಬೇರ್ಪಡಿಸಿತು. ಕಾಯಿಲೆ ಇದ್ದವರಲ್ಲಿ ಮಾತ್ರ 81 ಪ್ರತಿಶತ ಮಂದಿಯಷ್ಟೇ ಸಿಕ್ಕಿದರು. ಅಂದರೆ ಹೆಚ್ಚುಕಡಿಮೆ ಐವರಲ್ಲಿ ಒಬ್ಬರು ತಪ್ಪಿಹೋದ ಹಾಗೆ, ಅಲ್ವಾ? ಅದಕ್ಕೇ ಅಲ್ಟ್ರಾಸೌಂಡಿನಲ್ಲಿ ಏನೂ ಕಾಣಲಿಲ್ಲ ಅಂತ ಸುಮ್ನೆ ಮನೆಗೆ ಕಳಿಸುವಂತಿಲ್ಲ. ಅನುಮಾನ ಬಲವಾಗಿದ್ದರೆ ಸಿಟಿ ಆಗಲೇಬೇಕು.

ಒಂದು ಸಂದರ್ಭದಲ್ಲಿ ಮಾತ್ರ 'ಇಲ್ಲ' ಎಂಬ ಉತ್ತರಕ್ಕೂ ತೂಕವಿದೆ. ಬಿಪಿ ತೀರಾ ಕುಸಿದಿದ್ದರೂ ಬಲಕೋಣೆ ಸರಿಯಾಗೇ ಇದ್ದರೆ, ಆ ಕುಸಿತಕ್ಕೆ ಶ್ವಾಸಕೋಶದ ಹೆಪ್ಪು ಕಾರಣವಲ್ಲ ಎಂದು ಬಹುಮಟ್ಟಿಗೆ ಹೇಳಬಹುದು. ಆಗ ಬೇರೆ ಕಾರಣ ಹುಡುಕಬೇಕು, ಅದೂ ಬೇಗ.